ಲೂಯಿಸ್ ದ್ವೀಪದಲ್ಲಿ ಒಂದು ಸಬ್ಬತ್ತು

ಸ್ಕಾಟ್ಲೆಂಡ್ ದೇಶದ ವಾಯವ್ಯ ತೀರದಿಂದಾಚೆಗೆ, ಅಟ್ಲಾಂಟಿಕ್ ಮಹಾಸಾಗರದ ಅಲೆಗಳಿಗೆ ಮೈಯೊಡ್ಡಿಕೊಂಡು ಬಿದ್ದಿರುವ ದ್ವೀಪಮಾಲೆಗೆ ಹೊರ ಹೆಬ್ರಿಡೀಸ್ ಎಂದು ಹೆಸರು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ದ್ವೀಪದ ಉತ್ತರಭಾಗವನ್ನು ಲೂಯಿಸ್ ಎಂದೂ ದಕ್ಷಿಣಭಾಗವನ್ನು ಹ್ಯಾರಿಸ್ ಎಂದೂ ಕರೆಯುತ್ತಾರೆ. ಹೆಸರು ಎರಡಾದರೂ ನೆಲ ಒಂದೇ. ೨೦೧೧ರ ಜನಗಣತಿಯಲ್ಲಿ ಈ ದ್ವೀಪದ ಜನಸಂಖ್ಯೆ ೨೧,೦೦೦ಕ್ಕೆ ತುಸು ಮೇಲಿತ್ತು. ನಮ್ಮ ಒಂದು ತಾಲ್ಲೂಕು ಪಟ್ಟಣದಷ್ಟೂ ಅಲ್ಲ. ಮರಗಳು ವಿರಳ, ಗಾಳಿ ಅವಿರತ. ಎತ್ತ ನೋಡಿದರೂ ಕಂದುಬಣ್ಣದ ಜೌಗುನೆಲ, ಅದರ ನಡುನಡುವೆ ಆಕಾಶವನ್ನು ಪ್ರತಿಬಿಂಬಿಸುವ ಸಣ್ಣ ಸಣ್ಣ ಕೆರೆಗಳು, ರಸ್ತೆಯಲ್ಲಿಯೇ ನಿಶ್ಚಿಂತವಾಗಿ ಮಲಗಿರುವ ಕುರಿಗಳು. ಭೂಮಧ್ಯರೇಖೆಯಿಂದ ೫೮ ಅಂಶಗಳಷ್ಟು ಉತ್ತರದಲ್ಲಿರುವುದರಿಂದ ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತು ಗಂಟೆ ಕಳೆದರೂ ಸೂರ್ಯನು ಮುಳುಗುವುದಿಲ್ಲ. ಸಾಯಂಸಂಧ್ಯೆಯನ್ನು ಯಾವಾಗ ಮಾಡಬೇಕೆಂಬುದೇ ನನಗೊಂದು ಧರ್ಮಸಂಕಟವಾಗಿತ್ತು.

ಕನ್ನಡಿಗರಿಗೂ ಈ ಮೂಲೆಯ ದ್ವೀಪಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ನಮ್ಮ ನಾಡಿನ ಶಾಸನಗಳನ್ನೂ ಊರೂರಿನ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿಯು ೧೭೫೪ರಲ್ಲಿ ಹುಟ್ಟಿದ್ದು ಈ ದ್ವೀಪದ ಏಕೈಕ ಪಟ್ಟಣವಾದ ಸ್ಟಾರ್ನೊವೇಯಲ್ಲಿ. ಅಲ್ಲಿಯೇ ಸುಂಕದ ಕಚೇರಿಯಲ್ಲಿ ಕೆಲಸಮಾಡಿಕೊಂಡಿದ್ದವನು ೧೭೮೩ರಲ್ಲಿ ಮದರಾಸಿಗೆ ಬಂದನು. ೧೭೯೯ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಕಂಡನು. ಅನಂತರ ಮೈಸೂರು ಸೀಮೆಯ ಭೂಮಾಪನವನ್ನು ನಡೆಸುತ್ತ, ಮಲೆಯೂರಿನ ಜೈನಪಂಡಿತ ಧರ್ಮಯ್ಯನೇ ಮೊದಲಾದವರ ಸಹಾಯದಿಂದ ತಾಳೆಯೋಲೆಗಳನ್ನೂ ಶಿಲಾಶಾಸನಗಳ ಪ್ರತಿಗಳನ್ನೂ ಕೂಡಿಹಾಕಿದನು. ೧೮೧೬ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಗಾರನು ಬರೆದ ಅವನ ಪಟದಲ್ಲಿ, ಅವನ ಹಿಂದೆ ದೂರದ ಗುಡ್ಡದ ಮೇಲೆ ನಮ್ಮ ಗೊಮ್ಮಟನು ನಿಂತಿರುವುದನ್ನು ಕಾಣಬಹುದು. ೨೦೧೭ರಲ್ಲಿ ಅವನ ಸಂಗ್ರಹದ ಕೆಲವು ವಸ್ತುಗಳನ್ನು ಸ್ಟಾರ್ನೊವೇಗೆ ತಂದು ಪ್ರದರ್ಶಿಸಿದ್ದರಂತೆ. ಆ ಮನುಷ್ಯನು ಹುಟ್ಟಿದ ಊರನ್ನು ನೋಡಬೇಕೆಂಬ ಆಸೆ ನನಗೆ ಬಹುಕಾಲದಿಂದ ಇತ್ತು. ಗ್ಲಾಸ್ಗೋ ನಗರದಲ್ಲಿರುವ ಮಗಳ ಮನೆಗೆ ನಾನೂ ನನ್ನ ಗೃಹಿಣಿಯೂ ಹೋಗಿದ್ದಾಗ ಆ ಆಸೆ ಕೈಗೂಡಿತು. ಆದರೆ ನಾನು ಮೆಕೆಂಜಿಯನ್ನು ಹುಡುಕಿಕೊಂಡು ಹೋದೆನಾದರೂ, ನನ್ನ ಮನಸ್ಸಿನಲ್ಲಿ ಉಳಿದದ್ದು ಅಲ್ಲಿ ಕಳೆದ ಒಂದು ಭಾನುವಾರ. ಆದುದರಿಂದ ಅದನ್ನೇ ಬರೆಯುತ್ತೇನೆ.

ಅಲಪೂಲ್ ಎಂಬ ರೇವಿನಿಂದ ಸ್ಟಾರ್ನೊವೇಗೆ ಹಡಗಿನಲ್ಲಿ ಎರಡೂವರೆ ಗಂಟೆಗೂ ಮೀರಿದ ಪ್ರಯಾಣ. ನಾವು ಇಳಿದುಕೊಳ್ಳಬೇಕಾಗಿದ್ದ ಮನೆ ಪಶ್ಚಿಮ ತೀರದ ಒಂದು ಹಳ್ಳಿಯಲ್ಲಿತ್ತು. ಮನೆಯ ಯಜಮಾನಿ ಎಪ್ಪತ್ತು ದಾಟಿದ ವಿಧವೆ. ಎರಡು ಕೋಣೆಗಳನ್ನು ಪ್ರಯಾಣಿಕರಿಗೆ ಬಾಡಿಗೆಗೆ ಕೊಡುತ್ತಾಳೆ. ಆಕೆ ಮೊದಲೇ ಪತ್ರದಲ್ಲಿ ತಿಳಿಸಿದ್ದಳು: ಶನಿವಾರ ಸಂಜೆಯೊಳಗೆ ಬರಬೇಕು, ಭಾನುವಾರ ಬರುವವರನ್ನೂ ಇಳಿಸಿಕೊಳ್ಳುವುದಿಲ್ಲ, ಹೊರಡುವವರಿಗೂ ಲೆಕ್ಕ ಮಾಡಿಕೊಡುವುದಿಲ್ಲ, ಆ ದಿನದ ಊಟಕ್ಕೆ ಹಣವಿಲ್ಲ, ಮನೆಯವರ ಜತೆಗೇ ಊಟ. ವಸತಿಗೃಹದ ನಿಯಮಾವಳಿಯಲ್ಲಿ ಇಂಥ ವಾಕ್ಯವನ್ನು ನಾನು ಅದಕ್ಕೆ ಮುಂಚೆ ಓದಿರಲಿಲ್ಲ.

ನಾವು ತಲಪಿದ ಶನಿವಾರದ ಸಂಜೆ ಆ ಮನೆ ನಮ್ಮ ಊರಿನಲ್ಲಿ ಗೌರೀಹಬ್ಬದ ಹಿಂದಿನ ರಾತ್ರಿಯ ಮನೆಯಂತಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಬಾರ್ಲಿ, ಗಜ್ಜರಿ, ಕೋಸುಗಡ್ಡೆಗಳ ಸಾರು ಕುದಿಯುತ್ತಿತ್ತು. ಸಾಮಾನ್ಯವಾಗಿ ಅದಕ್ಕೆ ಕುರಿಯ ಮಾಂಸ ಬೀಳತಕ್ಕದ್ದು; ನಮ್ಮ ಸಲುವಾಗಿ ಬೇರೊಂದು ಪಾತ್ರೆಯಲ್ಲಿ ಅದಿಲ್ಲದೆ ಮಾಡಿದ್ದಳು. ಆಕೆಯ ಮೊಮ್ಮಗನು ಬಾಗಿಲ ಬಳಿ ಕುಳಿತು ಮರುದಿನದ ಆಲೂಗೆಡ್ಡೆಗಳ ಸಿಪ್ಪೆ ಸುಲಿದು ನೀರಿಗೆ ಹಾಕುತ್ತಿದ್ದನು. ಅದು ಮುಗಿದಮೇಲೆ ಹೊರಗಿನ ಬಣವೆಯಿಂದ ಎರಡು ದಿನಗಳಿಗಾಗುವಷ್ಟು ಪೀಟನ್ನು ತಂದು ಒಲೆಯ ಪಕ್ಕದಲ್ಲಿ ಒಟ್ಟಿದನು. ಪೀಟು ಎಂದರೆ ಜೌಗುನೆಲದಿಂದ ಇಟ್ಟಿಗೆಯಂತೆ ಕೊಯ್ದು ಗಾಳಿಯಲ್ಲಿ ಒಣಗಿಸಿದ ಮಣ್ಣು. ಸಾವಿರಾರು ವರ್ಷ ಕೊಳೆತ ಸಸ್ಯಗಳು ಅದರಲ್ಲಿರುವುದರಿಂದ ಅದು ಸೌದೆಯಂತೆ ಉರಿಯುತ್ತದೆ. ಮನೆಗೆ ನಲ್ಲಿಯ ನೀರು ಬರುವ ಮೊದಲು ಭಾನುವಾರದ ನೀರನ್ನು ಕೂಡ ಶನಿವಾರವೇ ಬಾವಿಯಿಂದ ತಂದು ತುಂಬುತ್ತಿದ್ದರೆಂದೂ, ಗಂಡಸರು ಕ್ಷೌರವನ್ನು ರಾತ್ರಿಯೇ ಮುಗಿಸುತ್ತಿದ್ದರೆಂದೂ, ಬೂಟುಗಳಿಗೆ ಬಣ್ಣ ಹಚ್ಚಿ ಸಾಲಾಗಿ ಇಡುತ್ತಿದ್ದರೆಂದೂ ಯಜಮಾನಿ ಹೇಳಿದಳು. ಪಕ್ಕದ ಕೊಟ್ಟಿಗೆಯಲ್ಲಿ ಆಕೆಯ ತಮ್ಮನ ಮಗ್ಗವಿತ್ತು. ಹ್ಯಾರಿಸ್ ಟ್ವೀಡ್ ಎಂಬ ಪ್ರಸಿದ್ಧ ಉಣ್ಣೆಬಟ್ಟೆಯನ್ನು ಈ ದ್ವೀಪದವರು ತಮ್ಮ ಮನೆಯಲ್ಲಿಯೇ ನೇಯ್ದಿರಬೇಕೆಂದು ೧೯೯೩ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನನ್ನೇ ಮಾಡಿದೆ. ಹಗಲೆಲ್ಲ ಕಾಲಿನಿಂದ ತುಳಿದು ನಡೆಸುವ ಆ ಮಗ್ಗದ ಸದ್ದು ಸಂಜೆ ಎಂಟಕ್ಕೆ ನಿಂತಿತು. ಮುದುಕನು ಅರ್ಧ ನೇಯ್ದ ಬಟ್ಟೆಯ ಮೇಲೆ ಒಂದು ಹಳೆಯ ದುಪ್ಪಟಿಯನ್ನು ಹೊದಿಸಿ, ಮಗುವನ್ನು ಮಲಗಿಸಿದವನಂತೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದನು.

ನನ್ನ ಗೃಹಿಣಿ ಇದನ್ನೆಲ್ಲ ನೋಡುತ್ತ ಕುಳಿತಿದ್ದವಳು ನನ್ನ ಕಿವಿಯಲ್ಲಿ, "ನಾಳೆ ಬಿಡುವು ಸರಿ. ಆದರೆ ಈ ಹೊತ್ತು ಈಕೆಯ ನಡು ಬಿದ್ದುಹೋಗುವುದಿಲ್ಲವೇ? ಎರಡು ದಿನದ ಕೆಲಸವನ್ನು ಒಂದು ದಿನ ಮಾಡಿದರೆ ಅದು ಯಾವ ವಿಶ್ರಾಂತಿ? ಕೇಳಿ ನೋಡಿ" ಎಂದಳು. ನಾನು ಕೇಳಲಿಲ್ಲ, ಪರದೇಶದಲ್ಲಿ ಅತಿಥಿಯಾದವನು ಕೇಳತಕ್ಕ ಪ್ರಶ್ನೆಯಲ್ಲವೆಂದು ಸುಮ್ಮನಾದೆ. ಆಕೆಯೇ ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ಕೇಳಿಬಿಟ್ಟಳು. ಯಜಮಾನಿ ನಕ್ಕು, ಒಂದು ಕ್ಷಣ ಸುಮ್ಮನಿದ್ದು, ಹೀಗೆ ಹೇಳಿದಳು: "ನೀವು ಹೇಳಿದ್ದು ನಿಜ. ನಮ್ಮ ತಾಯಿಗೆ ಶನಿವಾರ ವಾರದಲ್ಲೆಲ್ಲ ಬಲು ಕಷ್ಟದ ದಿನವಾಗಿತ್ತು. ನಾವು ಒಂಬತ್ತು ಮಕ್ಕಳು. ಆಕೆ ಭಾನುವಾರ ಪ್ರಾರ್ಥನೆಯಲ್ಲಿ ಕುಳಿತಲ್ಲೇ ತೂಕಡಿಸುತ್ತಿದ್ದಳು. ಜನ ಅದನ್ನು ಭಕ್ತಿಯೆಂದು ತಿಳಿದುಕೊಳ್ಳುತ್ತಿದ್ದರು. ಅದಕ್ಕೇ ನಾನು ನನ್ನ ಮಗನಿಗೂ ಮೊಮ್ಮಗನಿಗೂ ಆಲೂಗೆಡ್ಡೆ ಸುಲಿಯುವುದನ್ನು ಕಲಿಸಿದೆ." ಹೆಂಗಸರಿಬ್ಬರೂ ನಕ್ಕರು. ಗಂಡಸರಾದ ನಾವಿಬ್ಬರೂ ಒಲೆಯ ಬೆಂಕಿಯನ್ನು ನೋಡುತ್ತಿದ್ದೆವು.

ಭಾನುವಾರ ಬೆಳಗ್ಗೆ ನನಗೆ ಎಚ್ಚರವಾದದ್ದು ನಿಶ್ಶಬ್ದದಿಂದ. ನಿಶ್ಶಬ್ದದಿಂದ ಎಚ್ಚರವಾಗುವುದುಂಟೇ ಎಂದು ನಗಬೇಡಿರಿ. ನಮ್ಮ ಊರುಗಳಲ್ಲಿ ಅಷ್ಟು ಸಂಪೂರ್ಣವಾದ ನಿಶ್ಶಬ್ದವಿಲ್ಲದಿರುವುದರಿಂದ ಅದು ನಮಗೆ ಗೊತ್ತಿಲ್ಲ. ಗಾಳಿಯ ಸದ್ದು ಇತ್ತು, ದೂರದಲ್ಲಿ ಕಡಲಿನ ಸದ್ದು ಇತ್ತು, ಕುರಿಮರಿಯೊಂದು ಕೂಗುತ್ತಿತ್ತು. ಮನುಷ್ಯನು ಮಾಡತಕ್ಕ ಸದ್ದು ಮಾತ್ರ ಒಂದೂ ಇರಲಿಲ್ಲ. ಕಿಟಕಿಯಿಂದ ನೋಡಿದರೆ ಹಳ್ಳಿಯ ಇಪ್ಪತ್ತು ಮೂವತ್ತು ಮನೆಗಳ ಹಿತ್ತಿಲುಗಳಲ್ಲಿ ಬಟ್ಟೆ ಒಣಗಿಸುವ ಹಗ್ಗಗಳು ಬರಿದಾಗಿದ್ದವು. ಹಿಂದಿನ ದಿನ ಅವುಗಳ ಮೇಲೆ ಅಂಗಿ, ದುಪ್ಪಟಿ, ಕೂಸಿನ ಬಟ್ಟೆಗಳು ಧ್ವಜಗಳಂತೆ ಹಾರಾಡುತ್ತಿದ್ದುದನ್ನು ನಾನೇ ಕಂಡಿದ್ದೆ. ಆ ಬಿಸಿಲೂ ಗಾಳಿಯೂ ಬಟ್ಟೆ ಒಣಗುವುದಕ್ಕೆ ಹೇಳಿಮಾಡಿಸಿದಂತಿದ್ದವು. ವರ್ಷದ ಬಹುಭಾಗ ಮಳೆಯೇ ಸುರಿಯುವ ಊರಿನಲ್ಲಿ ಅಂಥ ದಿನವನ್ನು ಬಿಟ್ಟುಕೊಡುವುದು ಸಣ್ಣ ತ್ಯಾಗವಲ್ಲವೆಂದು ನನ್ನ ಗೃಹಿಣಿಯ ಅಭಿಪ್ರಾಯ. ಅದಕ್ಕೆ ನಾನು ಸೇರಿಸತಕ್ಕದ್ದೇನೂ ಇಲ್ಲ.

ಹನ್ನೆರಡು ಗಂಟೆಗೆ ಪ್ರಾರ್ಥನಾಮಂದಿರಕ್ಕೆ ಹೋದೆವು. ಈ ದ್ವೀಪದವರಲ್ಲಿ ಬಹುಮಂದಿ ಸ್ಕಾಟ್ಲೆಂಡಿನ ಫ್ರೀ ಚರ್ಚ್ ಎಂಬ ಪ್ರೆಸ್ಬಿಟೇರಿಯನ್ ಪಂಗಡಕ್ಕೆ ಸೇರಿದವರು. ಪಾದ್ರಿಯನ್ನು ನೇಮಿಸುವ ಹಕ್ಕು ಜಮೀನುದಾರನದೋ ಸಭೆಯದೋ ಎಂಬ ವಿವಾದದಲ್ಲಿ, ೧೮೪೩ರಲ್ಲಿ ನೂರಾರು ಪಾದ್ರಿಗಳು ರಾಜಮಾನ್ಯವಾದ ಚರ್ಚಿನಿಂದ ಸಂಬಳವನ್ನೂ ಮನೆಯನ್ನೂ ಬಿಟ್ಟು ಹೊರಬಂದು ಕಟ್ಟಿದ ಪಂಗಡವದು. ಮಂದಿರದಲ್ಲಿ ಚಿತ್ರವಿಲ್ಲ, ಮೂರ್ತಿಯಿಲ್ಲ, ದೀಪವಿಲ್ಲ. ಬಿಳಿಯ ಗೋಡೆ, ಎತ್ತರವಾದ ಉಪದೇಶಪೀಠ, ಮರದ ಬೆಂಚುಗಳು. ನಮ್ಮ ಕಣ್ಣಿಗೆ ಅದು ಮೊದಲು ಪಾಠಶಾಲೆಯಂತೆ ಕಾಣುತ್ತದೆ. ಹಾಡುವಾಗ ಕುಳಿತಿರುತ್ತಾರೆ, ಪ್ರಾರ್ಥಿಸುವಾಗ ಎದ್ದು ನಿಲ್ಲುತ್ತಾರೆ. ೨೦೧೦ರಲ್ಲಿ ಆ ಪಂಗಡದವರು ಇತರ ಕೀರ್ತನೆಗಳಿಗೂ ವಾದ್ಯಗಳಿಗೂ ಅನುಮತಿ ಕೊಟ್ಟರಾದರೂ, ನಾವು ಹೋದ ಕಡೆ ದಾವೀದನ ಕೀರ್ತನೆಗಳನ್ನು ಮಾತ್ರ, ವಾದ್ಯವಿಲ್ಲದೆ, ಗೇಲಿಕ್ ಎಂಬ ತಮ್ಮ ನಾಡನುಡಿಯಲ್ಲಿ ಹಾಡಿದರು.

ಆ ಹಾಡಿಕೆಯ ವಿಧಾನವನ್ನು ವಿವರಿಸದೆ ಮುಂದುವರಿಯಲಾರೆ. ಮುಂದೆ ಕುಳಿತ ಒಬ್ಬ ವೃದ್ಧನು ಒಂದು ಪಂಕ್ತಿಯನ್ನು ಎತ್ತಿಕೊಡುತ್ತಾನೆ. ಉಳಿದವರು ಅದನ್ನು ಎತ್ತಿಕೊಂಡು ವಿಲಂಬಕಾಲದಲ್ಲಿ ಹಾಡುತ್ತಾರೆ. ನಮ್ಮಲ್ಲಿ ವೇದದ ಸಂತೆ ಹೇಳಿಕೊಡುವುದನ್ನು ಕೇಳಿದವರಿಗೆ ಈ ಕ್ರಮ ಹೊಸದಲ್ಲ. ಆದರೆ ಸಂತೆಯಲ್ಲಿ ಸ್ವರವು ಕೂದಲೆಳೆಯಷ್ಟೂ ತಪ್ಪಬಾರದು. ಇಲ್ಲಿಯಾದರೋ ಒಬ್ಬೊಬ್ಬರೂ ತಮ್ಮ ತಮ್ಮ ಮನೋಧರ್ಮದಂತೆ ಗಮಕಗಳನ್ನು ಸೇರಿಸಿಕೊಳ್ಳುತ್ತಾರೆ. ಒಬ್ಬನು ಮುಂದೆ, ಒಬ್ಬಳು ಹಿಂದೆ. ಎಲ್ಲವೂ ಸೇರಿ ಒಂದು ದೊಡ್ಡ ಅಲೆ ಏಳುತ್ತದೆ, ದಡವನ್ನು ಮುಟ್ಟುತ್ತದೆ, ಹಿಂದಕ್ಕೆ ಸರಿಯುವಷ್ಟರಲ್ಲಿ ವೃದ್ಧನು ಮುಂದಿನ ಪಂಕ್ತಿಯನ್ನು ಎತ್ತುತ್ತಾನೆ. ನನಗೆ ಭಾಷೆ ತಿಳಿಯದು. ನನ್ನ ಪಕ್ಕದಲ್ಲಿದ್ದ ಮಗ್ಗದ ಮುದುಕನ ಧ್ವನಿ ಒಡೆದಿತ್ತು, ಆದರೂ ಅವನು ನಿಲ್ಲಿಸಲಿಲ್ಲ. ಅವನ ತಾತನ ತಮ್ಮನು ೧೯೧೯ನೆಯ ಇಸವಿಯ ಮೊದಲ ದಿನದ ಬೆಳಗಿನ ಜಾವ, ಯುದ್ಧ ಮುಗಿಸಿ ಊರಿಗೆ ಹಿಂದಿರುಗುತ್ತಿದ್ದ ಅಯೊಲೇರ್ ಹಡಗು ಸ್ಟಾರ್ನೊವೇ ರೇವಿನ ಬಾಯಿಯಲ್ಲೇ ಬಂಡೆಗೆ ಬಡಿದಾಗ ಸತ್ತವನೆಂದು ಆಮೇಲೆ ತಿಳಿಯಿತು. ಆ ಒಂದು ರಾತ್ರಿ ಇನ್ನೂರಕ್ಕೂ ಹೆಚ್ಚು ಮಂದಿ, ಮನೆಯ ದೀಪ ಕಾಣುವಷ್ಟು ಸಮೀಪದಲ್ಲಿ, ಮುಳುಗಿದರು. ಈ ಜನ ನಗುವುದು ಕಡಿಮೆಯೆಂದು ಪ್ರವಾಸಿಗಳು ದೂರುವುದುಂಟು. ದೂರುವ ಮುನ್ನ ಆ ಬಂಡೆಗಳನ್ನು ಒಮ್ಮೆ ನೋಡಿಬರುವುದು ಒಳ್ಳೆಯದು.

ಸಬ್ಬತ್ತು ಎಂಬುದು ಹೀಬ್ರೂ ಭಾಷೆಯ ಮಾತು. ನಿಲ್ಲಿಸು, ಬಿಟ್ಟುಬಿಡು ಎಂಬರ್ಥದ ಧಾತುವಿನಿಂದ ಬಂದುದು. ಯೆಹೂದ್ಯರಿಗೆ ಅದು ವಾರದ ಏಳನೆಯ ದಿನವಾದ ಶನಿವಾರ. ಕ್ರಿಸ್ತನು ಪುನರುತ್ಥಾನಹೊಂದಿದ್ದು ವಾರದ ಮೊದಲನೆಯ ದಿನವೆಂದು ಕ್ರೈಸ್ತರು ಭಾನುವಾರವನ್ನು ಪೂಜೆಗೆ ಆರಿಸಿಕೊಂಡರು. ೩೨೧ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ಪಟ್ಟಣಗಳಲ್ಲಿ ಆ ದಿನ ನ್ಯಾಯಸ್ಥಾನಗಳೂ ಕಸುಬುಗಳೂ ನಿಲ್ಲಬೇಕೆಂದು ಆಜ್ಞೆ ಮಾಡಿದನು. ಬೇಸಾಯಗಾರರಿಗೆ ಮಾತ್ರ ವಿನಾಯಿತಿ. ಶನಿವಾರದ ನಿಯಮಗಳನ್ನೆಲ್ಲ ಭಾನುವಾರಕ್ಕೆ ಹೊರಿಸಬೇಕೇ ಬೇಡವೇ ಎಂಬುದರಲ್ಲಿ ಕ್ರೈಸ್ತರಲ್ಲಿಯೇ ಮತಭೇದವುಂಟು. ೧೬೪೬ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಸೇರಿದ್ದ ಪಂಡಿತರು ಹೊರಿಸಬೇಕೆಂದೇ ತೀರ್ಮಾನಿಸಿ, ಅಗತ್ಯಕಾರ್ಯಗಳಿಗೂ ಕರುಣಾಕಾರ್ಯಗಳಿಗೂ ಮಾತ್ರ ಎಡೆಯಿಟ್ಟರು. ಲೂಯಿಸಿನವರು ಆ ಸಂಪ್ರದಾಯಕ್ಕೆ ಸೇರಿದವರು. ಇದೇ ದ್ವೀಪಮಾಲೆಯ ದಕ್ಷಿಣದ ತುದಿಯಲ್ಲಿರುವ ಬಾರ್ರಾ ಮೊದಲಾದ ಕಡೆ ಜನ ರೋಮನ್ ಕ್ಯಾಥೊಲಿಕರು. ಅವರು ಬೆಳಗ್ಗೆ ಪೂಜೆ ಮುಗಿಸಿ ಮಧ್ಯಾಹ್ನ ಚೆಂಡಾಡುತ್ತಾರೆ. ಉತ್ತರದವರು ಈ ದಿನವನ್ನು ಗೇಲಿಕ್ಕಿನಲ್ಲಿ ಸಬ್ಬತ್ತಿನ ದಿನವೆನ್ನುತ್ತಾರೆ, ದಕ್ಷಿಣದವರು ಪ್ರಭುವಿನ ದಿನವೆನ್ನುತ್ತಾರೆ. ಹೆಸರಿನಲ್ಲಿಯೇ ಜಗಳದ ಬೀಜವಿದೆ.

ಹತ್ತು ಆಜ್ಞೆಗಳಲ್ಲಿ ಸಬ್ಬತ್ತಿನದು ನಾಲ್ಕನೆಯದು. ಬೈಬಲ್ಲಿನಲ್ಲಿ ಅದು ಎರಡು ಕಡೆ ಬಂದಿದೆಯೆಂಬುದನ್ನೂ, ಎರಡು ಕಡೆಗಳಲ್ಲಿಯೂ ಕಾರಣ ಬೇರೆ ಬೇರೆಯೆಂಬುದನ್ನೂ ಯಜಮಾನಿಯ ಮೊಮ್ಮಗನೇ ನನಗೆ ತೋರಿಸಿಕೊಟ್ಟನು. ವಿಮೋಚನಕಾಂಡದಲ್ಲಿ, ದೇವರು ಆರು ದಿನ ಸೃಷ್ಟಿಮಾಡಿ ಏಳನೆಯ ದಿನ ವಿಶ್ರಮಿಸಿದನಾದುದರಿಂದ ನೀವೂ ವಿಶ್ರಮಿಸಬೇಕೆಂದಿದೆ. ಧರ್ಮೋಪದೇಶಕಾಂಡದಲ್ಲಾದರೋ, ನೀವು ಐಗುಪ್ತದಲ್ಲಿ ದಾಸರಾಗಿದ್ದುದನ್ನು ನೆನೆದು, ನಿಮ್ಮ ದಾಸದಾಸಿಯರಿಗೂ ಎತ್ತು ಕತ್ತೆಗಳಿಗೂ ಊರಿಗೆ ಬಂದ ಪರದೇಶಿಗೂ ಬಿಡುವು ಕೊಡಬೇಕೆಂದಿದೆ. ಒಂದು ಆಜ್ಞೆ ದೇವರನ್ನು ನೋಡಿ ಬಂದುದು, ಇನ್ನೊಂದು ಆಳನ್ನು ನೋಡಿ ಬಂದುದು.

ಇದನ್ನು ಕೇಳಿದಾಗ ನನಗೆ ವ್ಯಾಕರಣ ನೆನಪಾಯಿತು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಬೇರೆ ಏನು ನೆನಪಾದೀತು? ನಮ್ಮ ವಿರಾಮವೆಂಬ ಶಬ್ದಕ್ಕೆ ಮೂಲ ರಮ್ ಎಂಬ ಧಾತು. ಅದಕ್ಕೆ ಕ್ರೀಡಿಸು, ಸಂತೋಷಪಡು ಎಂದರ್ಥ. ವಿರಾಮ, ಉಪರಮ, ವಿರತಿ, ರಮಣೀಯ, ತೋಟವೆಂಬರ್ಥದ ಆರಾಮ ಎಲ್ಲವೂ ಅದರ ಮಕ್ಕಳು. (ನಾವು "ಆರಾಮವಾಗಿದ್ದೇನೆ" ಎನ್ನುವಾಗಿನ ಆರಾಮ ಪಾರಸಿಯಿಂದ ಬಂದ ಬೇರೆ ಮಾತು, ವಿದ್ಯಾರ್ಥಿಗಳು ಇವೆರಡನ್ನೂ ಬೆರಸಬಾರದು.) ರಮ್ ಧಾತು ಸ್ವಭಾವತಃ ಆತ್ಮನೇಪದಿ, ಆ ಹೆಸರಿನ ಅರ್ಥ ತನಗಾಗಿ ಇರುವ ಪದವೆಂದು. ಆದರೆ ವಿ, ಆ, ಪರಿ ಎಂಬ ಉಪಸರ್ಗಗಳು ಸೇರಿದಾಗ ಅದು ಪರಸ್ಮೈಪದಿಯಾಗುವುದೆಂದು ಪಾಣಿನಿ ವಿಧಿಸಿದ್ದಾನೆ. ರಮತೇ ಎಂದು ಹೇಳುವವನು ವಿರಮತಿ ಎನ್ನಬೇಕು. ಸಂತೋಷಪಡುವುದು ತನಗಾಗಿ, ವಿರಮಿಸುವುದು ಪರರಿಗಾಗಿ! ವೈಯಾಕರಣರು ಈ ವ್ಯಾಖ್ಯಾನವನ್ನು ಒಪ್ಪುವುದಿಲ್ಲವೆಂದು ಬಲ್ಲೆ. ಪದಸಂಜ್ಞೆಗೂ ತತ್ತ್ವಕ್ಕೂ ಗಂಟುಹಾಕಬಾರದೆಂದು ನಾನೇ ಹುಡುಗರಿಗೆ ಹೇಳುತ್ತಿದ್ದೆ. ಆದರೂ ಆ ಪೀಟಿನ ಒಲೆಯ ಮುಂದೆ ಅದನ್ನು ಹೇಳಿದಾಗ ಆ ಹುಡುಗನಿಗೆ ಬಹಳ ಸಂತೋಷವಾಯಿತು. ಕಾಗದದ ಮೇಲೆ ಬರೆದುಕೊಡಿರೆಂದನು. ಬರೆಯುವುದು ಕೆಲಸವಾಗುವುದಿಲ್ಲವೇ ಎಂದು ಕೇಳಿದೆ. ಅಜ್ಜಿಯನ್ನು ನೋಡಿದನು. ಆಕೆ, "ವಿದ್ಯೆ ಅಗತ್ಯಕಾರ್ಯ" ಎಂದಳು.

ಈ ಹುಡುಗನ ಕಥೆಯನ್ನು ಹೇಳಬೇಕು. ವಯಸ್ಸು ಇಪ್ಪತ್ತೇಳು. ಕಂಪ್ಯೂಟರಿನ ಕೆಲಸ ಕಲಿತು ಒಂದು ನಗರದಲ್ಲಿ ನಾಲ್ಕು ವರ್ಷ ಇದ್ದನಂತೆ. ಅಲ್ಲಿ ಭಾನುವಾರವೆಂಬುದೇ ಇರಲಿಲ್ಲ. ರಜೆಯಿರಲಿಲ್ಲವೆಂದಲ್ಲ, ರಜೆಯ ದಿನವೂ ಮೊಬೈಲು ತಲೆದಿಂಬಿನ ಪಕ್ಕದಲ್ಲಿ ಇರುತ್ತಿತ್ತು, ಮೇಲಧಿಕಾರಿಯ ಸಂದೇಶ ಯಾವ ಹೊತ್ತಿನಲ್ಲಿ ಬೇಕಾದರೂ ಬರುತ್ತಿತ್ತು. ಕ್ರಮೇಣ ನಿದ್ರೆ ಹೋಯಿತು, ಆಮೇಲೆ ಊಟ ಹೋಯಿತು, ಕೊನೆಗೆ ಒಂದು ದಿನ ರಸ್ತೆಯ ಪಕ್ಕದಲ್ಲಿ ಕುಳಿತವನಿಗೆ ಏಳಲಾಗಲಿಲ್ಲ. ಅಜ್ಜಿ ಹೋಗಿ ಕರೆದುಕೊಂಡು ಬಂದಳು. ಈಗ ಅದೇ ಕೆಲಸವನ್ನು ಹಳ್ಳಿಯಿಂದಲೇ ಮಾಡುತ್ತಾನೆ, ಸಂಬಳ ಮೊದಲಿನ ಅರ್ಧ. ಶನಿವಾರ ರಾತ್ರಿ ಊಟವಾದಮೇಲೆ ಮೊಬೈಲನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಾನೆ. ಸೋಮವಾರ ಬೆಳಗ್ಗೆ ತೆಗೆಯುತ್ತಾನೆ. "ಚಿಕ್ಕವನಾಗಿದ್ದಾಗ ಈ ದಿನವೆಂದರೆ ನನಗೆ ದ್ವೇಷ. ಆಟದ ಮೈದಾನದ ಉಯ್ಯಾಲೆಗೆ ಸರಪಣಿ ಹಾಕಿ ಬೀಗ ಹಾಕುತ್ತಿದ್ದರೆಂದು ಅಪ್ಪ ಹೇಳುತ್ತಿದ್ದ. ಆ ಬೀಗ ಹಾಕುವವರಿಂದ ತಪ್ಪಿಸಿಕೊಳ್ಳಬೇಕೆಂದೇ ನಗರಕ್ಕೆ ಓಡಿದೆ. ಅಲ್ಲಿ ಬೀಗವಿರಲಿಲ್ಲ, ಬಾಗಿಲೂ ಇರಲಿಲ್ಲ" ಎಂದನು. ಮೊದಲ ಮೂರು ತಿಂಗಳು ಡಬ್ಬಿಯನ್ನು ಮುಚ್ಚಿದ ಮೇಲೆ ಕೈ ನಡುಗುತ್ತಿತ್ತಂತೆ. ಇದನ್ನು ಅವನು ನಗುತ್ತ ಹೇಳಿದನು, ಆದರೆ ಅಜ್ಜಿ ನಗಲಿಲ್ಲ.

ಅವನ ಅಕ್ಕನು ಸ್ಟಾರ್ನೊವೇಯಲ್ಲಿ ದಾದಿ. ಆ ಭಾನುವಾರ ಆಕೆಗೆ ಹಗಲು ಪಾಳಿ ಇದ್ದುದರಿಂದ ಊಟಕ್ಕೆ ಬರಲಿಲ್ಲ. ರೋಗಿಗಳ ಸೇವೆ ಕರುಣಾಕಾರ್ಯವಾದುದರಿಂದ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಆಕೆಯ ಬಿಡುವು ಯಾವಾಗ? ಮಂಗಳವಾರವಂತೆ. ಮಂಗಳವಾರ ಊರೆಲ್ಲ ಕೆಲಸದಲ್ಲಿರುತ್ತದೆ, ಗೆಳತಿಯರು ಸಿಕ್ಕುವುದಿಲ್ಲ, ಅಜ್ಜಿಯ ಮನೆಯಲ್ಲಿ ಬೇರೆ ಅತಿಥಿಗಳಿರುತ್ತಾರೆ. ಅಜ್ಜಿ ಆಕೆಯ ಪಾಲಿನ ಸಾರನ್ನು ಮುಚ್ಚಿಟ್ಟು, "ಮಂಗಳವಾರದ ಸಬ್ಬತ್ತು ಒಂಟಿ ಸಬ್ಬತ್ತು" ಎಂದಳು. ಬಿಡುವೆಂಬುದು ಎಲ್ಲರಿಗೂ ಒಂದೇ ದಿನ ಬಂದರೇನೇ ಬಿಡುವು; ಒಬ್ಬೊಬ್ಬರಿಗೆ ಒಂದೊಂದು ದಿನ ಹಂಚಿದರೆ ಉಳಿಯುವುದು ಬರಿಯ ಕೆಲಸವಿಲ್ಲದ ದಿನ. ಇದು ನನಗೆ ಆ ಮುಚ್ಚಿಟ್ಟ ಬಟ್ಟಲನ್ನು ನೋಡಿದಾಗ ತಿಳಿದಷ್ಟು ಸ್ಪಷ್ಟವಾಗಿ ಯಾವ ಗ್ರಂಥದಿಂದಲೂ ತಿಳಿದಿರಲಿಲ್ಲ.

ಈ ವ್ಯವಸ್ಥೆ ಈಗ ಸಡಿಲವಾಗುತ್ತಿದೆ. ೨೦೦೨ರಲ್ಲಿ ಭಾನುವಾರದ ವಿಮಾನಗಳು ಸ್ಟಾರ್ನೊವೇಗೆ ಬರತೊಡಗಿದವು. ೨೦೦೯ರ ಜುಲೈ ೧೯ರಂದು ಮೊದಲ ಭಾನುವಾರದ ಹಡಗು ಅಲಪೂಲಿಗೆ ಹೊರಟಿತು. ಅಂದು ರೇವಿನಲ್ಲಿ ಸಂತೋಷದಿಂದ ಕೈತಟ್ಟಿದವರೂ ಇದ್ದರು, ನಿಂತು ಪ್ರಾರ್ಥಿಸಿದವರೂ ಇದ್ದರು. ೨೦೧೮ರ ಜನವರಿಯಲ್ಲಿ ಪಟ್ಟಣದ ಕಲಾಮಂದಿರದಲ್ಲಿ ಭಾನುವಾರ ಚಲಚ್ಚಿತ್ರ ತೋರಿಸಿದರು. ೨೦೨೪ರ ನವೆಂಬರಿನಲ್ಲಿ ಟೆಸ್ಕೋ ಎಂಬ ದೊಡ್ಡ ಅಂಗಡಿ ಭಾನುವಾರವೂ ಬಾಗಿಲು ತೆರೆಯಿತು. ಬೇಡವೆಂದು ಸಹಿ ಹಾಕಿದವರು ಹಲವರು, ಬೇಕೆಂದು ಸಹಿ ಹಾಕಿದವರೂ ಹಲವರು. ಈಜುಕೊಳವನ್ನು ಆ ದಿನ ತೆರೆಯಬೇಕೆಂಬ ವಾದ ಬಹುವರ್ಷ ನಡೆದಿದೆ. ವಾರವೆಲ್ಲ ದುಡಿಯುವ ತಂದೆತಾಯಿಗಳಿಗೆ ಮಕ್ಕಳೊಡನೆ ಆಡಲು ಇರುವುದು ಆ ಒಂದೇ ದಿನ, ಹೊರಗೆ ನೋಡಿದರೆ ಮಳೆ. ಅವರ ಮಾತನ್ನು ತಳ್ಳಿಹಾಕುವುದು ನನಗೆ ಸಾಧ್ಯವಿಲ್ಲ. ನಂಬಿಕೆಯಿಲ್ಲದವನ ಉಯ್ಯಾಲೆಗೆ ನಂಬಿಕೆಯುಳ್ಳವನು ಬೀಗ ಹಾಕಿದರೆ ಬೀಗ ಮಾತ್ರ ಉಳಿಯುತ್ತದೆ, ನಂಬಿಕೆ ಉಳಿಯುವುದಿಲ್ಲ. ಸಬ್ಬತ್ತು ಉಲ್ಲಾಸದ ದಿನವಾಗಿರಬೇಕೆಂದು ಯೆಶಾಯ ಪ್ರವಾದಿಯ ಗ್ರಂಥದ ೫೮ನೆಯ ಅಧ್ಯಾಯದಲ್ಲಿಯೇ ಇದೆಯಲ್ಲವೇ? ಆದರೆ ಅಂಗಡಿಯ ವಿಷಯದಲ್ಲಿ ನನ್ನ ಮನಸ್ಸು ಇನ್ನೊಂದು ಕಡೆಗೆ ವಾಲುತ್ತದೆ. ಈಜುಕೊಳಕ್ಕೆ ಹೋಗುವವನು ತನ್ನ ಮಗುವಿನೊಡನೆ ಹೋಗುತ್ತಾನೆ. ಭಾನುವಾರ ಹಾಲು ಕೊಳ್ಳುವವನು ಶನಿವಾರವೇ ಕೊಳ್ಳಬಹುದಾಗಿತ್ತು. ಅವನ ಸಣ್ಣ ಅನುಕೂಲಕ್ಕಾಗಿ ಲೆಕ್ಕದ ಮೇಜಿನ ಹಿಂದೆ ಮತ್ತೊಬ್ಬಳು ನಿಲ್ಲಬೇಕು. ಆಕೆಗೆ ಇಷ್ಟವಿದ್ದರೆ ಸರಿಯೆನ್ನುತ್ತಾರೆ. ಬಾಡಿಗೆ ಕೊಡಬೇಕಾದವಳ ಇಷ್ಟಕ್ಕೆ ಎಷ್ಟು ಬೆಲೆಯೆಂಬುದು ನಮಗೆಲ್ಲ ಗೊತ್ತಿದೆ.

ನಮ್ಮ ದೇಶದಲ್ಲಿ ವಾರಕ್ಕೊಂದು ಬಿಡುವಿನ ಪದ್ಧತಿ ಹಿಂದೆ ಇರಲಿಲ್ಲವೆಂದು ಹೇಳುವುದುಂಟು. ಪಾಠಶಾಲೆಗಳಲ್ಲಿ ಅನಧ್ಯಾಯವಿತ್ತು: ಪ್ರತಿಪದೆ, ಅಷ್ಟಮಿ, ಚತುರ್ದಶಿ, ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಓದು ನಿಷಿದ್ಧ. ಪ್ರತಿಪದೆಯಂದು ಓದಿದ ವಿದ್ಯೆ ಸವೆದುಹೋಗುವುದೆಂದು ನಮ್ಮ ಗುರುಗಳು ಹೆದರಿಸುತ್ತಿದ್ದರು. ಆದರೆ ಅದು ಓದುವವರ ಬಿಡುವು. ಗುರುಗಳ ಮನೆಯಲ್ಲಿ ಅಡಿಗೆಗೆ ಅನಧ್ಯಾಯವಿರಲಿಲ್ಲ. ದುಡಿಯುವವರಿಗೆ ವಾರದ ರಜೆ ಬಂದುದು ಹೋರಾಟದಿಂದ. ಮುಂಬಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಾನುಗಟ್ಟಲೆ ಸಭೆಗಳನ್ನು ನಡೆಸಿ, ೧೮೯೦ರಲ್ಲಿ ಭಾನುವಾರದ ರಜೆಯನ್ನು ಪಡೆದರು. ನಾವು ಅದನ್ನು ಹೇಗೆ ಬಳಸುತ್ತೇವೆಂಬುದನ್ನು ನನ್ನ ಗೃಹಿಣಿ ಆ ದಿನ ಮಧ್ಯಾಹ್ನ ಎಲ್ಲರ ಮುಂದೆ ವರ್ಣಿಸಿದಳು: ಭಾನುವಾರ ಗಂಡಸರು ಎಂಟಕ್ಕೆ ಏಳುತ್ತಾರೆ, ಎರಡು ಬಗೆಯ ತಿಂಡಿ ಕೇಳುತ್ತಾರೆ, ಸ್ನೇಹಿತರನ್ನು ಊಟಕ್ಕೆ ಕರೆಯುತ್ತಾರೆ, ಮೂರು ಸಲ ಕಾಫಿ ಬೇಕೆನ್ನುತ್ತಾರೆ, ಸೋಮವಾರ ಬಂತೆಂದರೆ ಉಸಿರಾಡುವ ಹಾಗಾಗುತ್ತದೆ. ನಾನು ನಿವೃತ್ತನಾದ ಮೇಲೆ ವಾರದ ಏಳು ದಿನವೂ ಭಾನುವಾರವಾಗಿದೆಯೆಂದು ಕೂಡ ಸೇರಿಸಿದಳು. ಯಜಮಾನಿ ಎದ್ದುಹೋಗಿ ತನ್ನ ಕೈಯಿಂದಲೇ ಆಕೆಗೆ ಮತ್ತೊಂದು ಬಟ್ಟಲು ಸಾರನ್ನು ತಂದುಕೊಟ್ಟಳು. ತಟ್ಟೆಗಳನ್ನು ತೊಳೆಯುವುದು ಅಗತ್ಯಕಾರ್ಯವೋ ಅಲ್ಲವೋ ಎಂಬ ಚರ್ಚೆ ಸ್ವಲ್ಪ ಹೊತ್ತು ನಡೆಯಿತು. ಅಲ್ಲವೆಂದು ತೀರ್ಮಾನವಾಗಿ, ಅವುಗಳನ್ನು ನೀರಿನಲ್ಲಿ ನೆನೆಯಿಟ್ಟರು.

ಮಧ್ಯಾಹ್ನದ ಮೇಲೆ ಯಾರೂ ಏನೂ ಮಾಡಲಿಲ್ಲ. ಇದನ್ನು ಬರೆಯುವುದು ಸುಲಭ, ಮಾಡುವುದು ಕಷ್ಟ. ಮೊದಲ ಒಂದು ಗಂಟೆ ನನ್ನ ಕೈ ಏನನ್ನಾದರೂ ಹುಡುಕುತ್ತಿತ್ತು. ಎರಡನೆಯ ಗಂಟೆಯಲ್ಲಿ ಮುದುಕನು ತನ್ನ ಬಾಲ್ಯದ ಕಥೆಗಳನ್ನು ಹೇಳತೊಡಗಿದನು. ಹುಡುಗನು ಕುರಿಮರಿಯೊಂದಕ್ಕೆ ಸೀಸೆಯಲ್ಲಿ ಹಾಲು ಕುಡಿಸಿ ಬಂದನು, ಅದು ಕರುಣಾಕಾರ್ಯ. ಹೊರಗೆ ಬಿಸಿಲು ಬಹಳ ಹೊತ್ತು ಹಾಗೆಯೇ ನಿಂತಿತ್ತು. ನಲವತ್ತು ವರ್ಷಗಳ ಸಂಸಾರದಲ್ಲಿ ನನ್ನ ಗೃಹಿಣಿ ಹಗಲುಹೊತ್ತಿನಲ್ಲಿ ಕುರ್ಚಿಯಲ್ಲಿ ಕುಳಿತಲ್ಲೇ ನಿದ್ರೆಮಾಡಿದ್ದನ್ನು ನಾನು ಕಂಡದ್ದು ಅಂದೇ ಮೊದಲು. ಯಜಮಾನಿ ಬೆರಳನ್ನು ತುಟಿಗೆ ಇಟ್ಟುಕೊಂಡು ನಮ್ಮನ್ನೆಲ್ಲ ಮೌನವಾಗಿರುವಂತೆ ಸನ್ನೆಮಾಡಿ, ಆಕೆಯ ಕಾಲಿನ ಮೇಲೆ ಒಂದು ಕಂಬಳಿಯನ್ನು ಹೊದಿಸಿದಳು.

ಸೋಮವಾರ ಬೆಳಗ್ಗೆ ಆರು ಗಂಟೆಗೆ ಮಗ್ಗದ ಸದ್ದು ಆರಂಭವಾಯಿತು. ಹಗ್ಗಗಳ ಮೇಲೆ ಬಟ್ಟೆಗಳು ಹಾರಾಡತೊಡಗಿದವು. ಹುಡುಗನು ಡಬ್ಬಿಯ ಮುಚ್ಚಳ ತೆಗೆದು ಮೊಬೈಲನ್ನು ನೋಡಿ ಸಂದೇಶಗಳು ನಲವತ್ತೊಂದು ಇವೆಯೆಂದನು. ಅವುಗಳಲ್ಲಿ ಶನಿವಾರವೇ ಉತ್ತರ ಕೊಡಬೇಕಾಗಿದ್ದವು ಎರಡು, ತಾವಾಗಿಯೇ ಬಗೆಹರಿದಿದ್ದವು ಮೂವತ್ತು. ಉಳಿದ ಒಂಬತ್ತಕ್ಕೆ ಉತ್ತರ ಬರೆಯಲು ಮೇಜಿನ ಮುಂದೆ ಕುಳಿತನು. ಯಜಮಾನಿ ಕನ್ನಡಕ ಹಾಕಿಕೊಂಡು ನಮ್ಮ ಲೆಕ್ಕವನ್ನು ಬರೆದುಕೊಟ್ಟಳು. ಶನಿವಾರದ ರಾತ್ರಿ, ಭಾನುವಾರದ ರಾತ್ರಿ, ಸೋಮವಾರದ ತಿಂಡಿ. ಭಾನುವಾರದ ಊಟದ ಎದುರಿಗೆ ಒಂದು ಗೆರೆ ಎಳೆದಿದ್ದಳು. ನೆನೆಯಿಟ್ಟ ತಟ್ಟೆಗಳನ್ನು ತೊಳೆಯಲು ನನ್ನ ಗೃಹಿಣಿ ಎ­ದ್ದಳು. ಆಕೆ ಅತಿಥಿಯೆಂದು ಯಜಮಾನಿ ತಡೆದಳು. ಕೊನೆಗೆ ಅವುಗಳನ್ನು ನಾನು ತೊಳೆದೆ.